ಪರರ ಮನೆಯ ಅನ್ನ

ಶಿವಮೊಗ್ಗದ ರವೀಂದ್ರನಗರವನ್ನು ನೋಡಲೆಂದೇ ಪರಸ್ಥಳದಿಂದ ಯಾರೂ ಬರುವುದಿಲ್ಲ. ಜೋಗಕ್ಕೆ ಹೊರಟವರು, ಆಗುಂಬೆಗೆ ಹೊರಟವರು, ಸಕ್ರೆಬೈಲಿನ ಆನೆಗಳ ಸ್ನಾನ ನೋಡಬೇಕೆಂದು ಮಕ್ಕಳನ್ನು ಕಟ್ಟಿಕೊಂಡು ಹೊರಟವರು ನಮ್ಮ ಊರಿನಲ್ಲಿ ಇಳಿದು, ಒಂದು ಲೋಟ ಕಾಫಿ ಕುಡಿದು, ಮುಂದಿನ ಬಸ್ಸಿಗೆ ಓಡುತ್ತಾರೆ. ನಮ್ಮ ಬಡಾವಣೆಯಲ್ಲಿ ಅವರು ನೋಡತಕ್ಕದ್ದಾದರೂ ಏನಿದೆ? ಕಾಂಪೌಂಡಿನೊಳಗೊಂದು ತೆಂಗಿನಮರ, ಮೂಲೆಯಲ್ಲೊಂದು ಪಾರಿಜಾತ, ಬಾಗಿಲ ಮುಂದೆ ರಂಗೋಲಿ. ಸಂಜೆಯಾದೊಡನೆ ಗಣಪತಿ ದೇವಸ್ಥಾನದ ಗಂಟೆ. ನಿವೃತ್ತರಾದ ಮೇಷ್ಟರುಗಳ ವಾಯುಸೇವನೆ. ಆದರೂ ಐದು ಸಾವಿರ ಮೈಲಿಯಾಚೆಯ ಒಂದು ಮನೆಯಲ್ಲಿ ನಮ್ಮ ಬಡಾವಣೆಯ ಹೆಸರು ಮನೆಮಾತಾಯಿತು. ಅದು ಹೇಗಾಯಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

2018ರಲ್ಲಿ ನನ್ನ ಮಗಳಿಗೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಒಂದು ಅರ್ಧವರ್ಷ ಓದುವ ಅವಕಾಶ ದೊರೆಯಿತು. ಎಲ್ಲಿ ಇಳಿದುಕೊಳ್ಳುವುದೆಂಬ ಪ್ರಶ್ನೆ ಎದ್ದಿತು. ವಿದ್ಯಾರ್ಥಿನಿಲಯದಲ್ಲಿ ಇರಬಹುದು, ಇಲ್ಲವೇ ಯಾವುದಾದರೂ ಸಂಸಾರದ ಮನೆಯಲ್ಲಿ ಒಂದು ಕೋಣೆ ಹಿಡಿದು, ಅವರೊಡನೆ ಉಂಡು, ಅವರಲ್ಲೊಬ್ಬಳಾಗಿ ಇರಬಹುದು. ಕೋಣೆಗೆ ಬಾಡಿಗೆಯಂತೂ ಕೊಡಲೇಬೇಕು. ಮಗಳು ಎರಡನೆಯದನ್ನು ಆರಿಸಿದಳು. ವೃದ್ಧ ದಂಪತಿಗಳ ಮನೆಯೊಂದು ಗೊತ್ತಾಯಿತು.

ನನ್ನ ಹೆಂಡತಿಗೆ ಇದು ಒಪ್ಪಿಗೆಯಾಗಲಿಲ್ಲ. ಕಂಡು ಕೇಳದವರ ಮನೆ, ಮಾಂಸ ಬೇಯುವ ಅಡುಗೆಮನೆ, ಮಾತು ತಿಳಿಯದ ಜನ. ವಿದ್ಯಾರ್ಥಿನಿಲಯವಾದರೆ ನಮ್ಮ ದೇಶದ ನಾಲ್ಕು ಹುಡುಗಿಯರಾದರೂ ಜೊತೆಗಿರುತ್ತಾರೆ ಎಂದು ಅವಳ ವಾದ. ನಾನೂ ಒಳಗೊಳಗೇ ಅವಳ ಪಕ್ಷದವನೇ. ಆಗ ಎಂಬತ್ತು ತುಂಬಿದ್ದ ನನ್ನ ಅಮ್ಮ, ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತದೆಯೇ, “ನಿಮ್ಮಪ್ಪ ಏಳು ಮನೆ ಅನ್ನ ಉಂಡು ಓದಿದವರಲ್ವೇನೋ? ಅವಳಿಗೆ ಒಂದೇ ಮನೆ ತಾನೆ?” ಎಂದರು.

ವಾರಾನ್ನವೆಂದರೇನೆಂದು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾದೀತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ಪಟ್ಟಣದಲ್ಲಿ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ. ಯಾವ ವಾರಕ್ಕೆ ಮನೆ ಸಿಕ್ಕಲಿಲ್ಲವೋ ಆ ದಿನ ಉಪವಾಸ. ಪ್ರತಿಯಾಗಿ ಮನೆಯ ಮಕ್ಕಳಿಗೆ ಪಾಠ ಹೇಳುವುದು, ಬಾವಿಯಿಂದ ನೀರು ಸೇದುವುದು, ಅಂಗಡಿಗೆ ಓಡುವುದು ಇತ್ಯಾದಿ ಇದ್ದೇ ಇರುತ್ತಿತ್ತು. ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಿಂದ ಬಂದ ನಮ್ಮ ತಂದೆ, ಸಹ್ಯಾದ್ರಿ ಕಾಲೇಜು ಇನ್ನೂ ಇಂಟರ್‌ಮೀಡಿಯೆಟ್ ಕಾಲೇಜಾಗಿದ್ದ 1940ರ ದಶಕದಲ್ಲಿ, ಹೀಗೆ ಎರಡು ವರ್ಷ ಉಂಡರು. ಅವರಿಗೆ ಕೊನೆಯವರೆಗೂ ನೆನಪಿದ್ದುದು ವಕೀಲರ ಮನೆಯ ಸೋಮವಾರದ ತುಪ್ಪವಲ್ಲ, ಗುರುವಾರದ ಮನೆ. ಆ ಮನೆಯಲ್ಲಿ ವಿಧವೆಯೊಬ್ಬರು ಗಂಜಿ, ಉಪ್ಪಿನಕಾಯಿಯನ್ನಷ್ಟೇ ಬಡಿಸುತ್ತಿದ್ದರು. ಬಡಿಸುವಾಗ, “ಊರಿಗೆ ಕಾಗದ ಬರೆದೆಯೇನಪ್ಪಾ?” ಎಂದು ಪ್ರತಿವಾರವೂ ಕೇಳುತ್ತಿದ್ದರು. ಬರೆಯದಿದ್ದರೆ ಎರಡನೆಯ ಸೌಟು ಬೀಳುತ್ತಿರಲಿಲ್ಲ.

ಈ ಪದ್ಧತಿಯನ್ನು ಹಾಡಿ ಹೊಗಳುವಂತೆಯೂ ಇಲ್ಲ. ಆ ಏಳು ಬಾಗಿಲುಗಳು ತೆರೆಯುತ್ತಿದ್ದುದು ಒಂದೇ ಜಾತಿಯ ಹುಡುಗರಿಗೆ. ಉಳಿದವರು ಮಠಗಳ, ಸಂಘಗಳ ಉಚಿತ ವಿದ್ಯಾರ್ಥಿನಿಲಯಗಳು ಹುಟ್ಟುವವರೆಗೆ ಕಾಯಬೇಕಾಯಿತು. ಹುಡುಗಿಯರ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಉಂಡ ಮನೆಯ ಹಂಗೂ ಚಿಕ್ಕದಲ್ಲ. ಆದರೂ ಪರರ ಮನೆಯಲ್ಲಿ ಬೆಳೆದ ವಿದ್ಯಾರ್ಥಿ ಪುಸ್ತಕದಾಚೆಗೆ ಏನನ್ನೋ ಕಲಿಯುತ್ತಿದ್ದನೆಂಬುದು ಸುಳ್ಳಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಾಲೂರಿ ನಿಲ್ಲುವಂತೆ ಮಾಡಿದ ವಿಶ್ವೇಶ್ವರಯ್ಯನವರನ್ನೇ ನೋಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಕೊಡಗಿನ ಕುಟುಂಬವೊಂದರಲ್ಲಿ ಆಶ್ರಯ ಪಡೆದು, ಆ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತಮ್ಮ ಓದಿನ ವೆಚ್ಚವನ್ನು ನಿಭಾಯಿಸಿದರು; 1881ರಲ್ಲಿ ಬಿ.ಎ. ಮುಗಿಸಿದರು.

ಅಮ್ಮನ ಒಂದು ಮಾತಿನಿಂದ ವಾದ ಮುಗಿಯಿತು. ಅಕ್ಟೋಬರಿನಲ್ಲಿ ಮಗಳು ಹೊರಟಳು. ಪೆಟ್ಟಿಗೆಯಲ್ಲಿ ಅಪ್ಪೆಮಿಡಿಯ ಭರಣಿ ಭದ್ರವಾಗಿ ಕುಳಿತಿತ್ತು.

ಟ್ಯೂಬಿಂಗೆನ್ ನೆಕಾರ್ ನದಿಯ ದಂಡೆಯ ಪುಟ್ಟ ಊರು. ವಿಶ್ವವಿದ್ಯಾಲಯ ಸ್ಥಾಪಿತವಾದುದು 1477ರಲ್ಲಿ. ಎಂದರೆ ವಿಜಯನಗರದ ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೂ ಮೂವತ್ತು ವರ್ಷ ಮೊದಲು. ಗ್ರಹಗಳ ಗತಿಯನ್ನು ಕಂಡುಹಿಡಿದ ಕೆಪ್ಲರ್ ಅಲ್ಲಿ ಓದಿದವನು. ನದಿಯಲ್ಲಿ ಗಳ ಊರಿ ನಡೆಸುವ ಉದ್ದನೆಯ ದೋಣಿಗಳು, ದಂಡೆಯುದ್ದಕ್ಕೂ ಹಳದಿ, ಕೆಂಪು ಬಣ್ಣದ ಚೂಪು ಸೂರಿನ ಮನೆಗಳು. ಕನ್ನಡಿಗರಿಗೆ ಆ ಊರು ಅಪರಿಚಿತವೇನೂ ಅಲ್ಲ. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ ತಮ್ಮ ಕೊನೆಗಾಲವನ್ನು ಕಳೆದದ್ದು ಅಲ್ಲಿಯೇ. 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಇದನ್ನು ಮಗಳಿಗೆ ಹೇಳಿ ಕಳುಹಿಸಿದ್ದೆ. ಆ ಮನೆಯವರಿಗೆ ಮಾತ್ರ ಕಿಟೆಲ್ ಗೊತ್ತಿರಲಿಲ್ಲ! ಅವರಿಗೆ ಗೊತ್ತಿದ್ದುದು ಬೇರೊಂದು ಹೆಸರು. ಮಗಳು ಕೊಟ್ಟ ಮನೆವಿಳಾಸವನ್ನು ಓದುತ್ತಿದ್ದ ಅಜ್ಜಿ ‘ರವೀಂದ್ರ’ ಎಂಬಲ್ಲಿ ನಿಂತು, “ಟಾಗೋರ್?” ಎಂದು ಕೇಳಿ, ಕಪಾಟಿನಿಂದ ತನ್ನ ತಾಯಿಯ ಕಾಲದ ಒಂದು ಪುಸ್ತಕವನ್ನು ತೆಗೆದು ತೋರಿಸಿದರಂತೆ. ಅದು ಗೀತಾಂಜಲಿಯ ಜರ್ಮನ್ ಅನುವಾದ. ರವೀಂದ್ರರು 1921ರಲ್ಲಿ ಡಾರ್ಮ್‌ಷ್ಟಾಟ್ ನಗರಕ್ಕೆ ಹೋದಾಗ ಜನ ಮುಗಿಬಿದ್ದು ಅವರ ಮಾತು ಕೇಳಿದ್ದರು. ಆ ದಿನಗಳಲ್ಲಿ ಆ ದೇಶದ ಓದುಬಲ್ಲ ಮನೆಗಳಲ್ಲಿ ಅವರ ಪುಸ್ತಕಗಳು ಸೇರಿಹೋಗಿದ್ದವು. ಕಿಟೆಲ್ ಕಟ್ಟದ ಸೇತುವೆಯನ್ನು ನಮ್ಮ ಬಡಾವಣೆಯ ಬೋರ್ಡು ಕಟ್ಟಿತು.

ಮೊದಲ ತಿಂಗಳ ಪತ್ರಗಳೆಲ್ಲ (ಪತ್ರವೆಂದರೆ ಮೊಬೈಲಿನಲ್ಲಿ ಬರುವ ಸಂದೇಶಗಳು, ಹಳೆಯ ಮಾತು ನಾಲಿಗೆಯಿಂದ ಹೋಗದು) ಊಟದ ವಿಷಯವೇ. ಸಂಜೆ ಆರೂವರೆಗೆ ಊಟ. ಅದೂ ಬಿಸಿಯಿಲ್ಲದ ಊಟ: ಬ್ರೆಡ್ಡು, ಚೀಸು, ಉಪ್ಪುನೀರಿನಲ್ಲಿ ನೆನೆದ ಸೌತೆಕಾಯಿ. ಇದನ್ನು ಕೇಳಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ಮೂರನೆಯ ವಾರದಲ್ಲಿ ಶುಭವಾರ್ತೆ ಬಂದಿತು. ಆ ಸ್ವಾಬಿಯ ಪ್ರಾಂತದ ನೆಚ್ಚಿನ ಅಡುಗೆಯೆಂದರೆ ಹುಳಿಯಾಗಿ ಬೇಯಿಸಿದ ಬೇಳೆ, ಅದರ ಜೊತೆಗೆ ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ಶಾವಿಗೆಯಂಥ ತುಣುಕು. ಪಕ್ಕದಲ್ಲಿಡುವ ಮಾಂಸವನ್ನೂ ಆ ತುಣುಕುಗಳನ್ನೂ ಬಿಟ್ಟು, ಬೇಳೆಗೆ ಅಪ್ಪೆಮಿಡಿ ಸೇರಿಸಿಕೊಂಡು ಬ್ರೆಡ್ಡಿನೊಡನೆ ಉಂಡಳಂತೆ. ಅಜ್ಜ ಒಂದು ಮಿಡಿಯನ್ನು ಬಾಯಿಗೆ ಹಾಕಿಕೊಂಡು ಐದು ನಿಮಿಷ ಮಾತಾಡಲಿಲ್ಲವಂತೆ. ಮರುದಿನ ತಾನೇ ಭರಣಿ ಕೇಳಿದನಂತೆ.

ಪುಸ್ತಕದಲ್ಲಿ ಬರೆಯದ ಸಂಗತಿಗಳನ್ನು ಅವಳು ಒಂದೊಂದಾಗಿ ಕಲಿತಳು. ಕಸವನ್ನು ಬಣ್ಣಬಣ್ಣದ ಡಬ್ಬಗಳಲ್ಲಿ ಬೇರೆಬೇರೆಯಾಗಿ ಹಾಕಬೇಕು. ಖಾಲಿ ಬಾಟಲಿ ಬಿಸಾಡುವಂತಿಲ್ಲ. ಅಂಗಡಿಗೆ ಹಿಂದಿರುಗಿಸಿದರೆ ಕೊಟ್ಟಿದ್ದ ಠೇವಣಿ ಕೈಗೆ ಬರುತ್ತದೆ. ಹೊರಗೆ ಹಿಮ ಬೀಳುತ್ತಿದ್ದರೂ ಬೆಳಿಗ್ಗೆ ಕಿಟಕಿಗಳನ್ನೆಲ್ಲ ಹಾರುಹೊಡೆದು ತೆರೆದು ಮನೆಗೆ ಗಾಳಿಯಾಡಿಸಬೇಕು. ಭಾನುವಾರ ಗೋಡೆಗೆ ಮೊಳೆ ಹೊಡೆಯಬಾರದು. ಊಟದ ಮೇಜಿನಲ್ಲಿ “ಸಾಕು” ಎಂದರೆ ನಿಜವಾಗಿಯೂ ಸಾಕು. ಎರಡನೆಯ ಸಲ ಒತ್ತಾಯಿಸುವವರಿಲ್ಲ! ನಮ್ಮ ಮರ್ಯಾದೆಯಂತೆ ಮೊದಲ ಸಲ “ಬೇಡ” ಎಂದು ಆಕೆ ಎರಡು ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದಳು. ಮೂರನೆಯ ರಾತ್ರಿ ಮರ್ಯಾದೆಯನ್ನು ಬಿಟ್ಟಳು.

ಡಿಸೆಂಬರಿನಲ್ಲಿ ಸಂಕಟ ಬಂದಿತು. ಆ ಪ್ರಾಂತದಲ್ಲಿ ‘ಕೇರ್‌ವೋಖೆ’ ಎಂಬ ಒಂದು ಹಳೆಯ ಕಟ್ಟಳೆಯುಂಟು. ‘ಗುಡಿಸುವ ವಾರ’ ಎನ್ನಬಹುದು. ಒಂದು ಕಟ್ಟಡದಲ್ಲಿ ನಾಲ್ಕಾರು ಸಂಸಾರಗಳಿದ್ದರೆ ಸರದಿಯಂತೆ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಓಣಿ, ಬಾಗಿಲ ಮುಂದಣ ಕಾಲುದಾರಿಗಳನ್ನು ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಅಜ್ಜಿಗೆ ಮಂಡಿನೋವು. ಆ ವಾರದ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದರು. ನಮ್ಮ ಮಗಳು ಹುಟ್ಟಿದಾರಭ್ಯ ಪೊರಕೆ ಹಿಡಿದವಳಲ್ಲ. ಮನೆಗೆಲಸದಾಕೆ ಬರುತ್ತಾಳೆ, ಗುಡಿಸುತ್ತಾಳೆ, ಹೋಗುತ್ತಾಳೆ. ನಮ್ಮ ಮನೆಯ ನೆಲ ತಾನಾಗಿಯೇ ಶುಭ್ರವಾಗುತ್ತದೆಂದು ಮಕ್ಕಳು ತಿಳಿದಿದ್ದರೆ ತಪ್ಪು ಯಾರದು? ಅವಳು ಗೆಳತಿಯರೊಡನೆ ಕ್ರಿಸ್‌ಮಸ್ ಸಂತೆ ನೋಡಲು ಸ್ಟಟ್‌ಗಾರ್ಟಿಗೆ ಹೋಗಿ ರಾತ್ರಿ ಬಂದಳು. ಅಷ್ಟರಲ್ಲಿ ಮೇಲಿನ ಮನೆಯವರು ದೂರು ಹೇಳಿ ಹೋಗಿದ್ದರು. ಅಜ್ಜಿ, ಮುಖ ನೋಡಿ, ಧ್ವನಿಯೆತ್ತದೆ, ಬಹಳ ಸ್ಪಷ್ಟವಾಗಿ ಗದರಿದರು. ನಮ್ಮಲ್ಲಿ ಬೈಗುಳಕ್ಕೆ ಹಿಂದೆಯೋ ಮುಂದೆಯೋ ಒಂದು ಉಪಚಾರದ ಮಾತು ಇರುತ್ತದೆ. ಅಲ್ಲಿ ಅದಿಲ್ಲ.

ನಮ್ಮಲ್ಲಿ ರಾತ್ರಿ ಎರಡು ಗಂಟೆ. ಫೋನಿನಲ್ಲಿ ಅವಳ ಬಿಕ್ಕುವಿಕೆ. “ಅಪ್ಪಾ, ನಾನು ಇವರ ಮನೆ ಕೆಲಸದವಳಾ?” ಎಂದಳು. ನನ್ನ ಕೈಕಾಲು ನಡುಗಿದವು. ನಾಳೆಯೇ ವಿದ್ಯಾರ್ಥಿನಿಲಯಕ್ಕೆ ಸ್ಥಳ ಬದಲಿಸು, ಹಣ ಹೋದರೆ ಹೋಗಲಿ ಎಂದುಬಿಟ್ಟೆ. ಗದ್ದಲಕ್ಕೆ ಎಚ್ಚತ್ತ ಅಮ್ಮ ಗೋಡೆ ಹಿಡಿದು ಬಂದು, ಸಂಗತಿಯನ್ನೆಲ್ಲ ಕೇಳಿ, ಫೋನನ್ನು ತಾವೇ ತೆಗೆದುಕೊಂಡರು.

“ಗುಡಿಸ್ಲಿಲ್ಲ ತಾನೆ ನೀನು?”

“ಇಲ್ಲ ಅಜ್ಜಿ.”

“ಹೇಳಿ ಹೋದ್ಯಾ?”

“ಇಲ್ಲ.”

“ಹಾಗಾದ್ರೆ ಬೆಳಗಾಗೋದ್ರೊಳಗೆ ಗುಡಿಸಿ ಬಾ. ಆಮೇಲೆ ಬೇರೆ ಮನೆ ವಿಚಾರ ಮಾಡೋಣ.”

ನನಗೆ ಅಮ್ಮನ ಮೇಲೆ ಸಿಟ್ಟು ಬಂದಿತು. ಆ ರಾತ್ರಿ ನಿದ್ರೆಯಿಲ್ಲ.

ಮರುದಿನ ಬೆಳಗಿನ ಜಾವ ಅವಳು ಮೆಟ್ಟಿಲು ಗುಡಿಸುತ್ತಿದ್ದಾಗ ಅಜ್ಜ ಕೆಳಗಿಳಿದು ಬಂದನಂತೆ. ಕೊನೆಯ ಮೆಟ್ಟಿಲ ಮೇಲೆ ಕುಳಿತು ತನ್ನ ಕಥೆ ಹೇಳಿದನಂತೆ. ಆತ ಹುಟ್ಟಿದ್ದು 1938ರಲ್ಲಿ, ಸಿಲೇಸಿಯ ಪ್ರಾಂತದಲ್ಲಿ. ಯುದ್ಧ ಮುಗಿದ ಮೇಲೆ ಪೂರ್ವದ ಪ್ರದೇಶಗಳಿಂದ ಹೊರಬಿದ್ದ ಜರ್ಮನರು ಒಂದು ಕೋಟಿಗೂ ಹೆಚ್ಚು. ಎಂಟು ವರ್ಷದ ಈ ಹುಡುಗ ತಾಯಿಯೊಡನೆ ಸಾಮಾನು ಸಾಗಿಸುವ ರೈಲಿನಲ್ಲಿ ಪಶ್ಚಿಮಕ್ಕೆ ಬಂದ. ಅಧಿಕಾರಿಗಳು ಅವರನ್ನು ಒಬ್ಬ ರೈತನ ಮನೆಯ ಒಂದು ಕೋಣೆಗೆ ನೂಕಿದರು. ರೈತನ ಹೆಂಡತಿಗೆ ಇವರು ಬೇಡವಾದ ಜನ. ಆಲೂಗೆಡ್ಡೆಯನ್ನು ಎಣಿಸಿ ಕೊಡುತ್ತಿದ್ದಳು. ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದಳು. ಒಂದು ಶನಿವಾರ ಆಕೆ ಒಂದು ಮಾತೂ ಆಡದೆ ಇವನ ಕೈಗೆ ಪೊರಕೆ ಕೊಟ್ಟು ಅಂಗಳ ತೋರಿಸಿದಳಂತೆ. ಅಂದು ರಾತ್ರಿ ತಾಯಿ, “ಇನ್ನು ನಮ್ಮನ್ನು ಓಡಿಸುವುದಿಲ್ಲ” ಎಂದು ಅತ್ತಳಂತೆ. “ಅತಿಥಿಗಳ ಕೈಗೆ ಯಾರೂ ಪೊರಕೆ ಕೊಡುವುದಿಲ್ಲ” ಎಂದು ಹೇಳಿ ಅಜ್ಜ ಎದ್ದು ಬ್ರೆಡ್ಡು ತರಲು ಹೋದನಂತೆ.

ಮಗಳು ಸ್ಥಳ ಬದಲಿಸಲಿಲ್ಲ.

ವಿದ್ಯಾರ್ಥಿಗಳು ಪರದೇಶದ ಸಂಸಾರಗಳಲ್ಲಿ ಇದ್ದು ಕಲಿಯಬೇಕೆಂಬ ಆಲೋಚನೆ ಹೊಸದೇನಲ್ಲ. ಅಮೆರಿಕದ ಡೊನಾಲ್ಡ್ ವಾಟ್ ಎಂಬಾತ 1932ರಲ್ಲಿ ತರುಣರ ಗುಂಪೊಂದನ್ನು ಯೂರೋಪಿಗೆ ಕರೆದೊಯ್ದು, ಜನಾಂಗ ಜನಾಂಗಗಳ ನಡುವಿನ ತಿಳಿವಳಿಕೆಗೆ ಒಂದು ಪ್ರಯೋಗವೆಂದೇ ಅದನ್ನು ಆರಂಭಿಸಿದ. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಹೊತ್ತೊಯ್ಯುತ್ತಿದ್ದ ‘ಅಮೆರಿಕನ್ ಫೀಲ್ಡ್ ಸರ್ವಿಸ್’ ಎಂಬ ಸ್ವಯಂಸೇವಕರ ದಳ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದೇ ಕೈಗಳಿಂದ ಶಾಲಾಮಕ್ಕಳನ್ನು ದೇಶದಿಂದ ದೇಶಕ್ಕೆ ಕಳುಹಿಸುವ ಕೆಲಸಕ್ಕೆ ತೊಡಗಿತು.

ಈಗ ನಮ್ಮ ಜಿಲ್ಲೆಯಿಂದಲೂ ಎಷ್ಟೋ ಮಕ್ಕಳು ಹೊರದೇಶಗಳಿಗೆ ಓದಲು ಹೋಗುತ್ತಾರೆ. ಬಹುಮಂದಿ ಮಾಡುವುದೇನು? ನಾಲ್ಕು ಜನ ಸೇರಿ ಒಂದು ಮನೆ ಹಿಡಿಯುತ್ತಾರೆ. ಕುಕ್ಕರಿನಲ್ಲಿ ಅನ್ನ, ಸಾರು. ರಾತ್ರಿ ಕನ್ನಡ ಸಿನಿಮಾ. ಅವರನ್ನು ದೂರಲಾರೆ. ಬಾಡಿಗೆ ದುಬಾರಿ, ಸಾಲ ತಲೆಯ ಮೇಲೆ, ಮನೆಯ ನೆನಪು ಬೇರೆ. ಆದರೆ ಎರಡು ವರ್ಷ ಹಾಗಿದ್ದು ಬಂದ ಹುಡುಗನೊಬ್ಬನನ್ನು ಆ ದೇಶದ ಜನ ಹೇಗೆಂದು ಕೇಳಿದರೆ, “ಒಳ್ಳೆಯವರು ಅಂಕಲ್, ರಸ್ತೆ ತುಂಬ ಚೆನ್ನಾಗಿದೆ” ಎಂದ. ಯಾರೊಬ್ಬರ ಅಡುಗೆಮನೆಯನ್ನೂ ಅವನು ಒಳಹೊಕ್ಕು ನೋಡಿರಲಿಲ್ಲ.

2019ರ ಜುಲೈ ಕೊನೆಯಲ್ಲಿ ಋಣ ತೀರಿಸುವ ಸರದಿ ನಮ್ಮದಾಯಿತು. ಆ ದಂಪತಿಗಳ ಮೊಮ್ಮಗಳು, ಕಾಲೇಜು ಓದುವ ಹುಡುಗಿ, ಒಂದೂವರೆ ತಿಂಗಳು ನಮ್ಮಲ್ಲಿರಲು ಬಂದಳು. ಮಹಡಿಯ ಕೋಣೆಯನ್ನು ಸುಣ್ಣ ಬಳಿಸಿ ಸಿದ್ಧಗೊಳಿಸಿದೆವು. ಮೊಮ್ಮಗಳನ್ನು ಪರರ ಮನೆಗೆ ಧೈರ್ಯವಾಗಿ ಕಳುಹಿಸಿದ ನಮ್ಮ ಅಮ್ಮ ಈಗ ಬೇರೆಯೇ ರಾಗ ತೆಗೆದರು. ಹುಡುಗಿ ಇರಲಿ, ಉಣ್ಣಲಿ, ತಿರುಗಾಡಲಿ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟಕೂಡದು! ಮಗಳು ಜಗಳವಾಡಿದಳು. ಅಮ್ಮ ಜಗ್ಗಲಿಲ್ಲ. ಎಂಬತ್ತು ವರ್ಷದ ಮಡಿಯನ್ನು ಒಂದು ದಿನದಲ್ಲಿ ಒಗೆದು ಹಾಕುವುದು ಹೇಗೆ? ಹುಡುಗಿ ಇದನ್ನು ತಾನಾಗಿಯೇ ಗಮನಿಸಿ, ಹೊಸ್ತಿಲ ಈಚೆಗೆ ಮಣೆ ಹಾಕಿಕೊಂಡು ಕುಳಿತು, ಒಳಗೆ ನಡೆಯುವುದನ್ನೆಲ್ಲ ನೋಡುತ್ತ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅಮ್ಮ ಒಳಗಿನಿಂದ “ಇದು ಒಂದೆಲಗ” ಎನ್ನುವುದು. ಅವಳು ಹೊರಗಿನಿಂದ “ಒಂದೆಲಗ” ಎನ್ನುವುದು. ನಮಗೆ ನಗೆಯೂ ನಾಚಿಕೆಯೂ ಒಟ್ಟಿಗೇ ಆಗುತ್ತಿದ್ದವು.

ಆ ಆಗಸ್ಟಿನ ಮಳೆಯನ್ನು ಶಿವಮೊಗ್ಗದವರು ಮರೆತಿಲ್ಲ. ತುಂಗೆಯ ನಡುವಿನ ಕಲ್ಲುಮಂಟಪ ಮುಳುಗಿತೇ ಎಂದು ನೋಡಲು ಕೊಡೆ ಹಿಡಿದು ಹೋಗುವುದು ನಮ್ಮೂರಿನವರ ಮಳೆಗಾಲದ ವಾಡಿಕೆ. ಆ ಸಲ ಮಂಟಪ ಮುಳುಗಿದ್ದಷ್ಟೇ ಅಲ್ಲ, ಹೊಳೆ ದಂಡೆ ಮೀರಿ ತಗ್ಗಿನ ಕೇರಿಗಳ ಮನೆಗಳಿಗೆ ನುಗ್ಗಿತು. ಜನ ಪಾತ್ರೆ ಪಡಗ ಬಿಟ್ಟು ಎದ್ದು ಬಂದರು. ನಮ್ಮ ಬೀದಿಯವರೆಲ್ಲ ಸೇರಿ ಚಪಾತಿ, ಪಲ್ಯ ಮಾಡಿ ಕಳುಹಿಸುವುದೆಂದಾಯಿತು. ನಮ್ಮ ಮನೆಯ ಪಾಲಿಗೆ ಇನ್ನೂರು ಚಪಾತಿ, ಅದೂ ಮಧ್ಯಾಹ್ನದೊಳಗೆ. ಮನೆಗೆಲಸದಾಕೆಯ ಮನೆಗೇ ನೀರು ನುಗ್ಗಿತ್ತು, ಅವಳು ಬರುವಂತಿರಲಿಲ್ಲ. ಹೆಂಡತಿ ಬೇಯಿಸುತ್ತಿದ್ದಳು, ಮಗಳು ಲಟ್ಟಿಸುತ್ತಿದ್ದಳು, ಕೆಲಸ ಸಾಗದು. ಅಮ್ಮ ಐದು ನಿಮಿಷ ಗಡಿಯಾರ ನೋಡಿದರು. ಆಮೇಲೆ ಹೊಸ್ತಿಲಿನತ್ತ ತಿರುಗಿ, “ಅಲ್ಲೇನು ಬರೀತಾ ಕೂತಿದೀಯ? ಕೈ ತೊಳ್ಕೊಂಡು ಬಾ ಒಳಗೆ” ಎಂದರು.

ಅವಳು ಲಟ್ಟಿಸಿದ ಚಪಾತಿಗಳಲ್ಲಿ ಒಂದೂ ಗುಂಡಗಿರಲಿಲ್ಲ. ಭೂಪಟದ ಎಲ್ಲ ಖಂಡಗಳೂ ಅಲ್ಲಿದ್ದವು. ಹಸಿದವರು ಆಕಾರವನ್ನು ಕೇಳುವುದಿಲ್ಲವೆಂದು ಅಮ್ಮನೇ ಡಬ್ಬಕ್ಕೆ ತುಂಬಿದರು. ಆ ದಿನದಿಂದ ಹೊಸ್ತಿಲ ಈಚಿನ ಮಣೆ ಒಳಗೆ ಹೋಯಿತು. ದೇವರ ಕೋಣೆಯ ಹೊಸ್ತಿಲು ಹಾಗೆಯೇ ಉಳಿಯಿತೆಂಬುದನ್ನೂ ಹೇಳಬೇಕು. ಎಲ್ಲವೂ ಬದಲಾಯಿತೆಂದು ಬರೆದರೆ ಅಮ್ಮನ ಆತ್ಮ ಒಪ್ಪಲಾರದು.

ಮಳೆ ಬಿಟ್ಟ ಮೇಲೆ ಅವಳನ್ನು ಕೂಡ್ಲಿಗೆ ಕರೆದೊಯ್ದೆ. ತುಂಗೆಯೂ ಭದ್ರೆಯೂ ಸೇರುವಲ್ಲಿ ನೀರಿನ್ನೂ ಕೆಂಪಗಿತ್ತು. ರಾಮೇಶ್ವರ ದೇವಾಲಯದ ಜಗಲಿಯಲ್ಲಿ ಕುಳಿತು, ಎರಡು ನದಿ ಸೇರಿದ ಮೇಲೆ ಹೆಸರು ಯಾವುದೆಂದು ಕೇಳಿದಳು. ತುಂಗಭದ್ರಾ ಎಂದೆ. “ಎರಡೂ ಹೆಸರು ಉಳಿಸಿಕೊಂಡಿರಾ? ನಮ್ಮಲ್ಲಿ ನೆಕಾರ್ ರೈನ್ ಸೇರಿದೊಡನೆ ಹೆಸರು ಕಳೆದುಕೊಳ್ಳುತ್ತದೆ” ಎಂದಳು. ಇಷ್ಟು ವರ್ಷ ಕೂಡ್ಲಿಗೆ ಹೋಗಿಬಂದ ನನಗೆ ಅದು ಹೊಳೆದಿರಲಿಲ್ಲ. ಇನ್ನೊಂದು ದಿನ ಮತ್ತೂರಿಗೆ ಹೋದೆವು. ಸಂಸ್ಕೃತ ಕಲಿಯಲು ಹೊರದೇಶದವರೂ ಬರುವ ಊರದು. ಅಲ್ಲಿ ಅವಳನ್ನು ಸಂಸ್ಕೃತದಲ್ಲಿ ಮಾತನಾಡಿಸಿದರೆ ಅವಳು, “ನನಗೆ ಕನ್ನಡ ಮಾತ್ರ ಬರುವುದು” ಎಂದು ಉತ್ತರಿಸಿ ಎಲ್ಲರನ್ನೂ ನಗಿಸಿದಳು.

ಕನ್ನಡವಾದರೂ ಎಷ್ಟು ಬರುತ್ತಿತ್ತು? ಬಂದ ಮೂರನೆಯ ದಿನ ಗಾಂಧಿ ಬಜಾರಿಗೆ ಹೊರಟವಳು “ಅಜ್ಜಿ, ನಾನು ಹೋಗುತ್ತೇನೆ” ಎಂದಾಗ ಅಮ್ಮ ಬೆಚ್ಚಿಬಿದ್ದು, “ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು” ಎಂದು ತಿದ್ದಿದ್ದರು. ಹೋಗುವವಳು ಬರುತ್ತೇನೆಂದು ಏಕೆ ಹೇಳಬೇಕು? ವ್ಯಾಕರಣದಿಂದ ಇದನ್ನು ತಿಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೆ ಅವಳೇ, ತಮ್ಮಲ್ಲಿ ಬೀಳ್ಕೊಡುವಾಗ ‘ಔಫ್ ವೀಡರ್‌ಸೇಎನ್’ ಎನ್ನುತ್ತಾರೆ, ‘ಮತ್ತೆ ನೋಡುವವರೆಗೆ’ ಎಂದು ಅದರ ಅರ್ಥ ಎಂದು ಹೇಳಿದಳು. “ಹಾಗಾದ್ರೆ ಗೊತ್ತಿದ್ದೂ ತಪ್ಪು ಮಾಡಿದ್ಯಾ?” ಎಂದರು ಅಮ್ಮ.

ಗಣಪತಿ ಹಬ್ಬ ಮುಗಿಸಿಕೊಂಡು, ಸೆಪ್ಟೆಂಬರಿನ ನಡುವೆ ಅವಳು ಹೊರಟಳು. ಅಪ್ಪೆಮಿಡಿಯ ಭರಣಿ ಈ ಸಲ ಎರಡು.

ಅಮ್ಮ 2022ರಲ್ಲಿ ತೀರಿಕೊಂಡರು. ಸುದ್ದಿ ಮುಟ್ಟಿಸಿದ ಕೆಲವು ವಾರಗಳಿಗೆ ಟ್ಯೂಬಿಂಗೆನ್ನಿನಿಂದ ನಿಜವಾದ ಲಕೋಟೆಯೊಂದು ಬಂದಿತು. ಒಳಗೆ ಹುಡುಗಿಯ ಅಡುಗೆ ಪುಸ್ತಕದ ಒಂದು ಹಾಳೆಯ ಪ್ರತಿ. ಸೊಟ್ಟ ಸೊಟ್ಟ ಕನ್ನಡ ಅಕ್ಷರಗಳಲ್ಲಿ ‘ಒಂದೆಲಗದ ತಂಬುಳಿ’ ಎಂಬ ಶಿರೋನಾಮೆ. ಎದುರಿಗೆ ಸಾಮಗ್ರಿಗಳ ಪಟ್ಟಿ. ಒಂದೆಲಗ, ಮೆಣಸು, ಜೀರಿಗೆ, ಕಾಯಿ, ಮಜ್ಜಿಗೆ. ಪ್ರತಿಯೊಂದರ ಮುಂದೆಯೂ ಪ್ರಮಾಣ ಒಂದೇ: ‘ಅಜ್ಜಿ ಸಾಕು ಎನ್ನುವವರೆಗೆ’.

ಮಹಡಿಯ ಕೋಣೆಯಲ್ಲಿ ಈ ವರ್ಷ ಹೊಸನಗರದ ಕಡೆಯ ಹುಡುಗನೊಬ್ಬ ಇದ್ದಾನೆ, ಕಾಲೇಜಿಗೆ ಹೋಗುತ್ತಾನೆ. ಊಟ ಅವನದೇ ವ್ಯವಸ್ಥೆ. ಗುರುವಾರ ರಾತ್ರಿ ಮಾತ್ರ ನಮ್ಮಲ್ಲಿ. ಮೂರು ಅಕ್ಕಿರೊಟ್ಟಿ ಅವನಿಗೆ ಸಾಲದೆಂಬುದನ್ನು ನನ್ನ ಹೆಂಡತಿ ಎರಡನೆಯ ವಾರವೇ ಕಂಡುಕೊಂಡಳು.